ಬೂದೆಮ್ಮ ಹೆಬ್ಬಟ್ಟು ಒತ್ತಿದ ರಾಜಿ

ಗಬ್ಬೂರಿನ ಆಚೆಯ ಸಣ್ಣ ಊರೊಂದರಲ್ಲಿ ಬೂದೆಮ್ಮ ಎಂಬವಳಿದ್ದಳು. ಕುರಿ ಕಾಯುವ ಮನೆತನ. ಅವರ ಹರಕೆಯ ಕುರಿಯನ್ನು ಕೊಯ್ಯುತ್ತಿದ್ದವನು ಮುಲ್ಲಾ ಅಮೀರ್ ಸಾಬ್. ಅವನಪ್ಪನ ಕಾಲದಿಂದಲೂ ಹಾಗೆಯೇ. ಅವನು ಬಿಸ್ಮಿಲ್ಲಾ ಅಂದು ಕೊಯ್ದರೆ ಹಿಂದೂ, ಮುಸ್ಲಿಂ ಎರಡೂ ಓಣಿಯವರು ಒಟ್ಟಿಗೆ ಕೂತು ಉಣ್ಣಬಹುದಿತ್ತು.

ಎಂಬತ್ಮೂರರ ಚುನಾವಣೆಯ ಎಣಿಕೆ ಮುಗಿದ ದಿನ, ಗೆದ್ದ ಪಕ್ಷಕ್ಕೆ ದುಡಿದಿದ್ದ ಮೀರಾಹುಸೇನ ಬಸ್ಸಿನಿಂದಿಳಿಯುತ್ತಲೇ ಅವನನ್ನು ಸೋತ ಪಕ್ಷದವರು ಕೊಡಲಿಯಿಂದ ಕಡಿದರು. ಅವನು ಅಮೀರ್ ಸಾಬನ ತಮ್ಮನ ಮಗ. ಕಡಿದ ನಾಲ್ವರಲ್ಲಿ ಇಬ್ಬರು ಆ ಓಣಿ, ಇಬ್ಬರು ಈ ಓಣಿ. ಬೂದೆಮ್ಮ ಕಣ್ಣಾರೆ ಕಂಡಿದ್ದಳು. ಆದರೂ ಸಂಜೆಯಾಗುವುದರೊಳಗೆ ಅದು ಧರ್ಮದ ಜಗಳ ಅನ್ನಿಸಿಕೊಂಡಿತು. ಬೂದೆಮ್ಮನದೂ ಸೇರಿ ಏಳು ಗುಡಿಸಲು ಸುಟ್ಟುಹೋದವು. ನೀರಿನ ಕೊಡ ಹಿಡಿದವಳು ಹಿಡಿದಂತೆಯೇ ನಿಂತುಬಿಟ್ಟಳು.

ಇಪ್ಪತ್ತು ದಿನದ ಮೇಲೆ ರಾಯಚೂರು, ಮಾನ್ವಿಯಿಂದ ಬಂದ ಹಿರಿಯರು ದೇವದುರ್ಗದಲ್ಲಿ ರಾಜಿ ಮಾಡಿಸಿದರು. ‘ಒಬ್ಬರ ಧರ್ಮಕಾರ್ಯದಲ್ಲಿ ಇನ್ನೊಬ್ಬರು ಕೈ ಹಾಕತಕ್ಕದ್ದಲ್ಲ’ ಎಂದು ರಾಜಿ ಕಾಗದ ಓದಿ ಹೇಳಿದರು. ಇನ್ನು ಯಾರೂ ಬೆಂಕಿ ಹಚ್ಚುವುದಿಲ್ಲ ಎಂದು ಅರ್ಥ ಮಾಡಿಕೊಂಡ ಬೂದೆಮ್ಮ ಎಲ್ಲರಿಗಿಂತ ಮೊದಲು ಹೆಬ್ಬಟ್ಟು ಒತ್ತಿದಳು.

ಮಂಗಳವಾರ ಟಗರು ಹಿಡಿದುಕೊಂಡು ಅಮೀರ್ ಸಾಬನ ಬಾಗಿಲಿಗೆ ಹೋದಳು.

“ಅಮೀರಣ್ಣಾ, ಮನಿ ಸುಟ್ರೂ ಜೀವ ಉಳದಾವ. ದುರುಗವ್ವಗ ಹರಕಿ ಅದ, ಬಾ.”

ಅವನು ಹೊರಸಿನಿಂದ ಏಳಲಿಲ್ಲ. “ನಾ ಬರಂಗಿಲ್ಲ ತಂಗಿ. ಕಾಗದದಾಗ ಬರದಾರ.”

“ಬೆಂಕಿ ಹಚ್ಚಬ್ಯಾಡ್ರಿ ಅಂತ ಬರದಾರ.”

“ನಿಮ್ಮ ದೇವ್ರ ಕುರಿ ನಾ ಕೊಯ್ದ್ರ ಅದೂ ಕೈ ಹಾಕಿದಂಗಂತ. ನಿಮ್ಮೋರು ಬಂದು ಹೇಳಿದ್ರು, ನಮ್ಮೋರೂ ಹೇಳಿದ್ರು. ಇದೊಂದು ಮಾತಿನ್ಯಾಗ ಇಬ್ರೂ ಒಂದಾಗ್ಯಾರ ನೋಡು.”

“ಹಂಗಂತ ಯಾರು ಒಪ್ಪಿದ್ರು?”

“ಮೊದಲ ಹೆಬ್ಬಟ್ಟು ನಿಂದ ಅದಲ್ಲ, ಬೂದೆವ್ವಾ.”

ಬೂದೆಮ್ಮ ಟಗರನ್ನು ಹಿಂದಕ್ಕೆ ಹೊಡೆದುಕೊಂಡು ಹೋದಳು.

ಮರುದಿನ ದೇವದುರ್ಗಕ್ಕೆ ಹೋಗಿ, ರಾಜಿ ಮಾಡಿಸಿದ ಹಿರಿಯರೊಬ್ಬರ ಮುಂದೆ ನಿಂತಳು. “ನಂದೊಂದು ಹೆಬ್ಬಟ್ಟು ಅಳಿಸಿಬಿಡ್ರಿ ಯಪ್ಪಾ.”

“ಅದು ಶಾಂತಿ ಕಾಗದವ್ವಾ. ಅಳಿಸಿದ್ರ ಮತ್ತ ಹೊಡದಾಟ ಆಕ್ಕಾವ.”

ಬಂದ ಬಸ್ಸಿಗೇ ಹಿಂದಿರುಗಿದಳು.

ಮುಂದಿನ ಮಂಗಳವಾರ ಮಗ ಯಮನೂರಪ್ಪ ತಾನೇ ಟಗರು ಕೊಯ್ದ. ಬೂದೆಮ್ಮ ರೂಢಿಯಂತೆ ಎರಡು ಓಣಿಗೆ ಆಗುವಷ್ಟು ರೊಟ್ಟಿ ಬಡಿದಿದ್ದಳು. ಉಣ್ಣಲು ಒಂದೇ ಓಣಿ ಬಂತು.