ನಾಗರಕಲ್ಲು ಇಳಿದ ಮೇಲೆ ನಿಂತ ಕಾಂಟೆಸ್ಸಾ

ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಯೋಗನರಸಿಂಹ ಮೇಷ್ಟ್ರ ಹತ್ತಿರ ಒಂದು ಕರಿ ಕಾಂಟೆಸ್ಸಾ ಕಾರಿದೆ. ಉದ್ದ ಮೂತಿ, ಅಗಲ ಸೊಂಟ, ಸ್ಟಾರ್ಟ್ ಆದರೆ ಬೀದಿಯ ಕಿಟಕಿಗಳೆಲ್ಲ ನಡುಗಬೇಕು, ಅಂಥ ಗತ್ತು. ಸ್ಟಾರ್ಟ್ ಆದರೆ ಎಂಬ ಮಾತನ್ನು ಮಾತ್ರ ಸ್ವಲ್ಪ ಒತ್ತಿ ಹೇಳಬೇಕು. ಅದರ ವಯಸ್ಸು ತನಗಿಂತ ಹೆಚ್ಚು, ಮನೆಯಲ್ಲಿ ಮರ್ಯಾದೆಯೂ ಹೆಚ್ಚು ಎಂದು ಕಾಲೇಜಿಗೆ ಹೋಗುವ ಮಗಳು ಮಹತಿ ಗೊಣಗುತ್ತಿರುತ್ತಾಳೆ.

ಈ ಕಾರಿಗೆ ಮೆಕಾನಿಕ್ಕಿನ ಕೈ ತಾಗಲು ಮೇಷ್ಟ್ರು ಬಿಟ್ಟವರಲ್ಲ. ಭಾನುವಾರ ಬಂತೆಂದರೆ ಹಳೆ ಪಂಚೆ ಎತ್ತಿ ಕಟ್ಟಿ, ಮೊಬೈಲಿನಲ್ಲಿ ವಿಡಿಯೊ ಹಾಕಿಟ್ಟು, ಕಾರಿನಡಿ ತೂರಿಬಿಡುತ್ತಾರೆ. ಫ್ಯಾನ್ ಬೆಲ್ಟು ಹರಿದಾಗ ರೇಷ್ಮೆ ನೂಲು ತೆಗೆಯುವ ಯಂತ್ರದ ಬೆಲ್ಟು ತಂದು ಹಾಕಿದರು. ರೇಡಿಯೇಟರಿನ ಪೈಪು ಸೋರಿದಾಗ ಯಾರದೋ ದ್ರಾಕ್ಷಿ ತೋಟದ ಪೈಪು ಬಂತು. ಹೊರದೇಶದ ಕಾರುಗಳ ಹಿಂದೆ ರೆಕ್ಕೆ ಇರುವುದನ್ನು ಕಂಡು ಅದೂ ಬೇಕೆನ್ನಿಸಿತು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯನ್ನು ಅರ್ಧಕ್ಕೆ ಕೊಯ್ದು, ಕರಿ ಬಣ್ಣ ಬಳಿದು, ಡಿಕ್ಕಿಯ ಮೇಲೆ ಬಿಗಿದರು. ಮೊದಲ ದಿನವೇ ಎದುರುಮನೆಯ ಕೋಳಿ ಅದರೊಳಗೆ ಹೋಗಿ ಮೊಟ್ಟೆ ಇಟ್ಟಿತು.

ಇಷ್ಟೆಲ್ಲ ಆದರೂ ಕಾರಿಗೆ ತಳ್ಳುವವರೊಬ್ಬರು ಬೇಕಿತ್ತು. ಆ ಕೆಲಸ ಹೆಂಡತಿ ವೆಂಕಟಲಕ್ಷ್ಮಮ್ಮನವರದು. ಎಲ್ಲಿಗೆ ಹೊರಟರೂ ಅವರು ಮುಂದಿನ ಸೀಟಿನಲ್ಲಿ ಬಾಗಿಲಿಗೆ ಒತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಳಿಯಲು ತಯಾರಾಗಿಯೇ ಕೂರುತ್ತಿದ್ದರು. ಮೊನ್ನೆ ಚಿಂತಾಮಣಿಯಲ್ಲಿ ತಮ್ಮನ ಮಗನ ನಿಶ್ಚಿತಾರ್ಥ ಮುಗಿಸಿ ಹೊರಡುವಾಗ, ಛತ್ರದ ಬಾಗಿಲಲ್ಲಿ ಬೀಗರೆಲ್ಲ ನಿಂತು ನೋಡುತ್ತಿರುವಂತೆಯೇ, ರೇಷ್ಮೆ ಸೀರೆಯುಟ್ಟುಕೊಂಡು ತಳ್ಳಿದರು. ಅಲ್ಲಿಗೆ ಅವರ ತಾಳ್ಮೆ ಮುಗಿಯಿತು.

"ನೋಡ್ರೀ, ಅಮ್ಮನ ನಾಗರಕಲ್ಲು ಪ್ರತಿಷ್ಠೆಗೆ ವಿದುರಾಶ್ವತ್ಥಕ್ಕೆ ಹೋಗ್ಬೇಕಲ್ಲ, ಇದ್ರಲ್ಲೇ ಹೋಗಣ. ಹೋಗಿ ಬರೋದ್ರೊಳಗೆ ಒಂದೇ ಒಂದು ಸಲ ತಳ್ಳಿಸ್ಕೊಂಡ್ರೂ ಸರಿ, ಮೆಕಾನಿಕ್‌ನ ಕರೆಸಿದ್ರೂ ಸರಿ, ಸೋಮವಾರ ಗುಜರಿ ಆವಲಪ್ಪ ಬಂದು ಎತ್ಕೊಂಡು ಹೋಗ್ತಾನೆ. ಅವನಿಗೆ ಹೇಳೂ ಆಯ್ತು" ಎಂದರು.

ಮೇಷ್ಟ್ರಿಗೆ ಆ ಕಾರೆಂದರೆ ಪ್ರಾಣ. ಆದರೆ ಛತ್ರದ ಮುಂದೆ ಕಂಡ ಹೆಂಡತಿಯ ಮುಖವೂ ಕಣ್ಣಿಗೆ ಕಟ್ಟಿದಂತಿತ್ತು. ತೆಪ್ಪಗೆ ಒಪ್ಪಿಕೊಂಡರು.

ನಾಗರಕಲ್ಲು ಅತ್ತೆ ಕೊಂಡಮ್ಮನವರ ಹರಕೆಯದು. "ಚೆನ್ನಾಗಿರ್ಲಪ್ಪ" ಎಂದಷ್ಟೇ ಅವರು ಹೇಳಿದ್ದು. ಕಡೆಯುವವನು ಅದನ್ನು ದೊಡ್ಡದಾಗಿರಲಿ ಎಂದು ತಿಳಿದುಕೊಂಡನೋ ಏನೋ, ಗಟ್ಟಿಮುಟ್ಟಾದ ಆಳುಗಳೇ ಏದುಸಿರು ಬಿಡುವಂಥ ಕಲ್ಲು ಕಡೆದು ಕೊಟ್ಟ. ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟಿದ್ದ ಅದನ್ನು ಶನಿವಾರ ಸಂಜೆ ತೆಗೆದು ಡಿಕ್ಕಿಯಲ್ಲಿ ಮಲಗಿಸಿದ್ದಾಯಿತು. ಕಾರಿನ ಹಿಂಭಾಗ ಕುಸಿದು, ಮೂತಿ ಆಕಾಶ ನೋಡತೊಡಗಿತು.

"ಅತ್ತೇ, ಇದನ್ನ ಒಂದು ಗಳಿಗೆ ಇಳಿಸ್ಲಾ? ಕೆಳಗೆ ಚೂರು ಕೆಲಸ ಇದೆ" ಎಂದರು ಮೇಷ್ಟ್ರು.

"ಅಯ್ಯೋ ದೇವುಡಾ! ನೀರಿಂದ ಎತ್ತಿದ ಕಲ್ಲು ಪ್ರತಿಷ್ಠೆ ಆಗೋವರ್ಗೂ ನೆಲ ಮುಟ್ಟೋ ಹಾಗಿಲ್ಲ ಅಳಿಯಂದ್ರೇ. ಇಳಿಸಿದ್ರೆ ಅಲ್ಲೇ ನಿಂತ ಲೆಕ್ಕ. ಆಮೇಲೆ ದಿನಾ ನಿಮ್ಮ ಷೆಡ್ಡಲ್ಲೇ ತನಿ ಎರೀಬೇಕಾಗ್ತದೆ" ಎಂದರು ಕೊಂಡಮ್ಮ.

ಹಾಗಾಗಿ ಕಲ್ಲು ಮೇಲಿದ್ದಂತೆಯೇ ಮೇಷ್ಟ್ರು ಕೆಳಗೆ ತೂರಿದರು. ಉಳಿದಿದ್ದ ಕೆಲಸವೆಂದರೆ ಹೊಸ ಪೆಟ್ರೋಲ್ ಪಂಪು, ಕರೆಂಟಿನದು. ಅದನ್ನು ಹಿಂದಿನ ಗಾಲಿಗಳ ಆಕ್ಸಲ್ಲಿಗೇ ಬಿಗಿದರು. ಮೇಲೆ ಕಾರಿನ ತಳದಿಂದ ಪಂಪಿಗೆ ಬರುವ ಕರೆಂಟಿನ ತಂತಿಯನ್ನು ಶಾಲೆಯ ಸ್ಕೇಲಿನಲ್ಲಿ ಅಳೆದು, ಒಂದು ಕೂದಲೂ ಹೆಚ್ಚಾಗದಂತೆ ಕತ್ತರಿಸಿ ಸಿಕ್ಕಿಸಿದರು. ಬೇರೆಯವರಾಗಿದ್ದರೆ ಒಂದು ಗೇಣು ಸಡಿಲ ಬಿಡುತ್ತಿದ್ದರು. ಮೇಷ್ಟ್ರು ಗಣಿತದವರು.

ಭಾನುವಾರ ಬೆಳಿಗ್ಗೆ ಕಾಂಟೆಸ್ಸಾ ಒಂದೇ ಏಟಿಗೆ ಗುಡುಗಿತು. ಚಿಕ್ಕಬಳ್ಳಾಪುರ ಹೋಯಿತು, ಮಂಚೇನಹಳ್ಳಿ ಹೋಯಿತು. ಗೌರಿಬಿದನೂರು ದಾಟುವಾಗ ವೆಂಕಟಲಕ್ಷ್ಮಮ್ಮ ಸಿಕ್ಕಿಸಿಕೊಂಡಿದ್ದ ಸೆರಗು ಬಿಚ್ಚಿ, ಸೀಟಿಗೆ ಒರಗಿ ಕೂತರು. ಅದನ್ನು ಕಂಡ ಮೇಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ, ರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ ಹಾರ್ನ್ ಹೊಡೆದರು.

ಅಶ್ವತ್ಥದ ಕೆಳಗೆ, ಅಲ್ಲಿದ್ದ ನೂರಾರು ನಾಗರಕಲ್ಲುಗಳ ನಡುವೆ ಪ್ರತಿಷ್ಠೆ ಸಾಂಗವಾಗಿ ನಡೆಯಿತು. ಪ್ರಸಾದ ತೆಗೆದುಕೊಂಡು ಎಲ್ಲರೂ ಕಾರು ಹತ್ತಿದರು. ಮೇಷ್ಟ್ರು ಕೀಲಿ ತಿರುಗಿಸಿದರು. ಇಂಜಿನ್ನು ಕೆಮ್ಮಿತು, ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ.

ಬಿಳಿ ಪಂಚೆಯಲ್ಲೇ ಕೆಳಗೆ ತೂರಿ ನೋಡಿದರು. ಕಲ್ಲು ಇಳಿದದ್ದೇ ಕಾರಿನ ಹಿಂಭಾಗ ಎದ್ದು ನಿಂತಿತ್ತು, ತಂತಿಯ ತುದಿ ಪಂಪನ್ನು ಬಿಟ್ಟು ಮೇಲೆ ನೇತಾಡುತ್ತಿತ್ತು. ಎಳೆದರೆ ಬರುವಂತಿಲ್ಲ, ಜೋಡಿಸಲು ಬೇರೆ ತಂತಿಯಿಲ್ಲ. ಹಿಂಭಾಗ ಮತ್ತೆ ಕೆಳಗಿಳಿದರೆ ಮಾತ್ರ ತಾಗೀತು.

ಹಿಂದಿನ ಸೀಟಿನಲ್ಲಿ ಕೊಂಡಮ್ಮ, ಮಹತಿ ಕೂತೇ ಇದ್ದರು. ನೀರಿನ ಕ್ಯಾನು ತುಂಬಿಸಿ ಡಿಕ್ಕಿಗಿಟ್ಟರು. ತೆಂಗಿನಕಾಯಿ, ಒದ್ದೆ ಬಟ್ಟೆಯ ಗಂಟು, ಮುಂದೆ ಇದ್ದ ಜ್ಯಾಕು ಎಲ್ಲ ಹಿಂದಕ್ಕೆ ಹೋದವು. "ಅಪ್ಪಾ, ನಾನು ಇನ್ನೆರಡು ಹೋಳಿಗೆ ತಿನ್ಲಾ?" ಎಂದಳು ಮಹತಿ. ಮೇಷ್ಟ್ರು ಮತ್ತೆ ಬಗ್ಗಿ ನೋಡಿದರು. ಇನ್ನೂ ಒಂದು ಬೆರಳಷ್ಟು ಅಂತರ ಉಳಿದಿತ್ತು.

ಮುಂದಿನ ಸೀಟಿನಲ್ಲಿ ವೆಂಕಟಲಕ್ಷ್ಮಮ್ಮ ಕೂತಿದ್ದರು. ಅವರು ಹಿಂದೆ ಹೋದರೆ ಕಾರು ಉಳಿಯುತ್ತದೆ, ಅಲ್ಲೇ ಕೂತರೆ ನಾಳೆ ಆವಲಪ್ಪ ಬರುತ್ತಾನೆ. ಇದು ಇಬ್ಬರಿಗೂ ಗೊತ್ತು. ಮೇಷ್ಟ್ರಿಗೆ ಬಾಯಿ ಬಿಟ್ಟು ಕೇಳಲು ಆಗಲಿಲ್ಲ. ಇಷ್ಟು ವರ್ಷ ತಳ್ಳಿಸಿ, ಈಗ ಯಾವ ಮುಖ ಇಟ್ಟುಕೊಂಡು ಕೇಳುವುದು? ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿದರು.

"ಲಕ್ಷ್ಮೀ, ಬಸ್ಸಲ್ಲೇ ಹೋಗಣ ನಡಿ. ಆವಲಪ್ಪಂಗೆ ಇಲ್ಲಿಗೇ ಬರಕ್ಕೆ ಹೇಳ್ತೀನಿ."

ವೆಂಕಟಲಕ್ಷ್ಮಮ್ಮ ಗಂಡನ ಪಂಚೆ ನೋಡಿದರು. ಅದರ ತುಂಬ ಗ್ರೀಸು, ಬೆನ್ನಿಗೆಲ್ಲ ಅರಿಶಿನ ಕುಂಕುಮದ ಮಣ್ಣು. ಕೆಳಗಿಳಿದರು, ಹಿಂದಿನ ಬಾಗಿಲು ತೆಗೆದರು.

"ಅಮ್ಮಾ, ಆ ಕಡೆ ಸರಿ."

ಅವರು ಕೂತರು. ಕಾರು ಮೆತ್ತಗೆ ತಗ್ಗಿತು. ಮೇಷ್ಟ್ರು ಮತ್ತೆ ಕೆಳಗೆ ತೂರಿ ತಂತಿ ಸಿಕ್ಕಿಸಿ, ಬಂದು ಕೀಲಿ ತಿರುಗಿಸಿದರೆ ಪಂಪು ಗುಂಯ್ ಎಂದಿತು.

"ನಾನೇನು ತಳ್ಳಿಲ್ಲಪ್ಪ, ಸುಮ್ನೆ ಕೂತಿದೀನಿ ಅಷ್ಟೆ" ಎಂದು ವೆಂಕಟಲಕ್ಷ್ಮಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಶಿಡ್ಲಘಟ್ಟದವರೆಗೂ ಮೂವರೂ ಹಿಂದೆ ಇಕ್ಕಟ್ಟಿನಲ್ಲಿ ಕೂತು, ಮೇಷ್ಟ್ರು ಮುಂದೆ ಒಬ್ಬರೇ ಡ್ರೈವರಿನ ಹಾಗೆ ಕೂತು ಬಂದರು.

ಸೋಮವಾರ ಮೇಷ್ಟ್ರು ಶಾಲೆಯಿಂದ ಮನೆಗೆ ಬಂದಾಗ ಬಾಗಿಲಲ್ಲಿ ಆವಲಪ್ಪನ ಟೆಂಪೋ ನಿಂತಿತ್ತು. ಓಡಿ ಒಳಗೆ ಬಂದರೆ, ಆವಲಪ್ಪ ಹಿತ್ತಲಿನ ಹಳೆ ಒರಳುಕಲ್ಲನ್ನು ಅಪ್ಪಿಕೊಂಡು ಏದುಸಿರು ಬಿಡುತ್ತ ಷೆಡ್ಡಿಗೆ ತರುತ್ತಿದ್ದ.

"ಹೆಂಗೂ ಬಂದಿದೀಯಲ್ಲ, ಅದನ್ನ ಡಿಕ್ಕಿಗೆ ಇಟ್ಟು ಹೋಗಪ್ಪ" ಎಂದು ವೆಂಕಟಲಕ್ಷ್ಮಮ್ಮ ಹೇಳುತ್ತಿದ್ದರು. ಡಿಕ್ಕಿಯಲ್ಲಿ ಕಲ್ಲಿಗೆಂದು ಹಳೆ ಸೀರೆಯೊಂದನ್ನು ನಾಲ್ಕು ಮಡಿಕೆ ಹಾಕಿ ಹಾಸಿದ್ದರು.

ಒಂದು ಗೇಣು ತಂತಿ ತಂದು ಹಾಕಿದ್ದರೆ ಆ ಒರಳು ಬೇಕಿರಲಿಲ್ಲ. ಮೇಷ್ಟ್ರು ಇವತ್ತಿಗೂ ಆ ತಂತಿ ತಂದಿಲ್ಲ.