ಕೂಡದ ಗೆರೆ

ಒಡೆದ ಪಿಂಗಾಣಿ, ಮಣ್ಣಿನ ಸಾಮಾನು ಅಂಟಿಸಿಕೊಡೋ ನನ್ನ ಚಾಮರಾಜಪೇಟೆ ಅಂಗಡಿಗೆ ಬರೋರೇ ಕಮ್ಮಿ. ಒಂದು ಸಂಜೆ ಬಸವನಗುಡಿಯ ಟೀಚರಮ್ಮ ಒಬ್ಬರು ಬಿರುಕುಬಿಟ್ಟ ಮಡಕೆ ತಂದರು. ಅಮೆರಿಕದ ಹೋಪಿ ಅನ್ನೋ ಮೂಲನಿವಾಸಿಗಳು ಮಾಡಿದ್ದು. ಟೀಚರಮ್ಮನ ಯಜಮಾನರು ಪ್ರವಾಸ ಹೋದಾಗ ಆಸೆಪಟ್ಟು ತಂದಿದ್ದಂತೆ. ಯಜಮಾನರು ಈಗ ಆಸ್ಪತ್ರೆಯಲ್ಲಿದ್ದರು.

“ಬಿರುಕು ಮುಚ್ಚಿ. ಹಾಗೇ ಕಂಠದ ಸುತ್ತ ಇರೋ ಗೆರೇನೂ ಸೇರಿಸ್ಬಿಡಿ, ಒಂದು ಕಡೆ ಬಿಟ್ಟೇಬಿಟ್ಟಿದಾರೆ ನೋಡಿ. ನಮ್ಮಲ್ಲಿ ರಂಗೋಲಿ ಗೆರೆ ಹೀಗೆ ಬಿಟ್ರೆ ಒಳ್ಳೇದಲ್ಲ.”

“ಅದು ಬೇಕಂತಲೇ ಬಿಟ್ಟಿರೋದಮ್ಮ. ಅವರ ಪ್ರಕಾರ ಮಣ್ಣಿಗೂ ಜೀವ ಇದೆ. ಗೆರೆ ಕೂಡಿದ್ರೆ ಮಡಕೆ ಮಾಡಿದವಳ ಆಯಸ್ಸೂ ಅಲ್ಲಿಗೇ ಮುಗೀತು ಅಂತ ಹಳಬರು ನಂಬ್ತಿದ್ರಂತೆ.”

ನಾನಾಗಲೇ ಬ್ರಷ್ ಎತ್ತಿದೀನೇನೋ ಅನ್ನೋ ಹಾಗೆ ಅವರು ಕೈ ಅಡ್ಡ ಹಿಡಿದರು. “ಬೇಡ, ಮುಟ್ಲೇಬೇಡಿ. ಹಾಗೇ ಇರ್ಲಿ.”

ಬಿರುಕಷ್ಟೇ ಮುಚ್ಚಿ, ಮುಂದಿನ ವಾರ ಬೆಳಿಗ್ಗೆ ಅವರ ಮನೆಗೆ ಒಯ್ದೆ. ಬೀದಿಯಲ್ಲಿ ಎಲ್ಲರ ಬಾಗಿಲಲ್ಲೂ ರಂಗೋಲಿ ಇತ್ತು. ಅವರ ಬಾಗಿಲಲ್ಲಿ ಬರೀ ನೆಲ, ಅದರ ಮೇಲೆ ರಾಶಿ ಚಪ್ಪಲಿ. ಸಾವಿನ ಮನೆಗೆ ಮಡಕೆ ಹಿಡಿದು ಹೋಗೋದು ಬೇಡ ಅಂತ ವಾಪಸ್ ತಂದೆ.

ಆ ಗೆರೆ ಕಾಯೋದು ಮಡಕೆ ಮಾಡಿದವಳನ್ನ, ಕೊಂಡವರನ್ನಲ್ಲ. ಕೊಂಡವರನ್ನೂ ಕಾಯುತ್ತಾ ಅಂತ ಅವರು ಕೇಳಿರಲಿಲ್ಲ, ಇಲ್ಲ ಅಂತ ನಾನೂ ಹೇಳಿರಲಿಲ್ಲ.