ಚೀಲದ ತಳದ ಕಾಳು

ಗಜೇಂದ್ರಗಡದ ಪೇಟೆಯಲ್ಲಿ ಗುರುಸಂಗಪ್ಪನಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ ಎಂಬ ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಆಡುತ್ತಿದ್ದವನು ಗುರುಸಂಗಪ್ಪನೇ. ನಲವತ್ತು ವರ್ಷದ ಕಡಲೆ ವ್ಯಾಪಾರ ಅವನದು. ಚೀಲದ ಬಾಯಲ್ಲಿ ಹೊಳೆಯುವ ಕಾಳನ್ನು ಅವನು ಕಣ್ಣೆತ್ತಿಯೂ ನೋಡುವವನಲ್ಲ. ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ ನೋಡಿದ ಮೇಲೆಯೇ ದರದ ಮಾತು.

ಅಂಥವನು ಅಂದು ಕಾರು ಕೊಳ್ಳಲು ಹೊರಟಿದ್ದ. ಹೆಂಡತಿ ರೇಣುಕವ್ವನ ಬೆನ್ನಿನ ಆಪರೇಶನ್ ಆಗಿ ಮೂರು ತಿಂಗಳಾಗಿತ್ತು. ಇನ್ನೊಂದು ಜೋರು ಪೆಟ್ಟು ಬಿದ್ದರೆ ಮತ್ತೆ ಎದ್ದು ಓಡಾಡುವುದು ಕಷ್ಟ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅದನ್ನು ಕೇಳಿದ ವಾರದಲ್ಲೇ ಅವನು ಕುಲುಕಾಡುವ ಹಳೆಯ ಜೀಪು ಮಾರಿದ್ದ. ಹದಿನೈದು ದಿನಕ್ಕೊಮ್ಮೆ ದವಾಖಾನೆಗೆ ಹೋಗಬೇಕು. ಲಕ್ಕಲಕಟ್ಟಿಯ ಹೊಲದಲ್ಲಿದ್ದ ತವರುಮನೆಯ ಮುಖ ನೋಡದೆ ಅವಳಿಗೆ ವರ್ಷವಾಗಿತ್ತು. ಎರಡಕ್ಕೂ ಒಂದು ಗಾಡಿ ಬೇಕಿತ್ತು.

ಹಳೆಯ ಕಾರು ಮಾರುವ ರಮಜಾನಸಾಬನ ಬಳಿ ಎರಡು ಗಾಡಿಗಳಿದ್ದವು. ಬಿಳಿಯದು ಸಣ್ಣದು, ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಓಡುತ್ತಿತ್ತು. ಕಪ್ಪನೆಯದು ದೊಡ್ಡದು, ಹದಿಮೂರಕ್ಕೇ ಏದುಸಿರು ಬಿಡುತ್ತಿತ್ತು.

"ಸಂಜಿಗೆ ನರಗುಂದದವ್ರು ಬರ್ತಾರ್ರಿ ಸಾವ್ಕಾರ್ರ. ನೀವು ಯಾವುದು ಬಿಡ್ತೀರೋ ಅದನ್ನ ಅವ್ರು ಒಯ್ತಾರ," ಎಂದ ರಮಜಾನಸಾಬ.

ರೇಣುಕವ್ವನನ್ನು ಹಿಂದೆ ಕೂರಿಸಿಕೊಂಡು ಗುರುಸಂಗಪ್ಪ ಸಣ್ಣ ಕಾರನ್ನು ರೋಣದ ಕಡೆಯ ನುಣ್ಣನೆಯ ಡಾಂಬರು ರಸ್ತೆಯಲ್ಲಿ ಎರಡು ಮೈಲಿ ಓಡಿಸಿದ. ಇಪ್ಪತ್ತೆರಡು ಎಂಬ ಸಂಖ್ಯೆ ಆಗಲೇ ಅವನ ತಲೆಯಲ್ಲಿ ಮನೆ ಮಾಡಿತ್ತು. ವಾಪಸ್ ಬಂದ ಮೇಲೆ ದೊಡ್ಡದನ್ನು ಹತ್ತುವ ಗೋಜಿಗೂ ಅವನು ಹೋಗಲಿಲ್ಲ.

"ಹ್ಯಾಂಗೈತಿ?"

"ಚಲೋ ಐತ್ರಿ," ಎಂದಳು ರೇಣುಕವ್ವ.

ಅತ್ತೆಯ ಬೈಗುಳಕ್ಕೂ ಬೆನ್ನಿನ ಹೊಲಿಗೆಗೂ ಅವಳು ಕೊಟ್ಟಿದ್ದ ಉತ್ತರ ಇದೇ. ಗುರುಸಂಗಪ್ಪ ಅದನ್ನೇ ನಂಬಿ ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ. ರಮಜಾನಸಾಬ ಕೈ ಚಾಚಲಿಲ್ಲ.

"ಸಿಟ್ಟಾಗಬ್ಯಾಡ್ರಿ. ಪ್ಯಾಟ್ಯಾಗ ಚೀಲದ ತಳಕ್ಕ ಕೈ ಹಾಕೋ ಮನಶ್ಯಾರು ನೀವು. ಇವತ್ತ ಬಾಯಾಗಿನ ಕಾಳ ನೋಡಿ ಎದ್ದು ಹೊಂಟೀರಲ್ಲ?"

ಗುರುಸಂಗಪ್ಪನ ಕಿವಿ ಕೆಂಪಾಯಿತು. ಅವನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು. "ಹತ್ತು, ನಿನ್ನ ತವರುಮನಿ ದಾರಿ ನೋಡೇ ಬಿಡೂಣು," ಎಂದು ಹೆಂಡತಿಯನ್ನು ಮತ್ತೆ ಕಾರಿಗೆ ಹತ್ತಿಸಿದ.

ಲಕ್ಕಲಕಟ್ಟಿ ದಾಟಿ ಹೊಲದ ದಾರಿಗೆ ಇಳಿದದ್ದೇ ತಡ, ಗಾಡಿಯ ಬಣ್ಣ ಬಯಲಾಯಿತು. ಮಳೆಯಲ್ಲಿ ಟ್ರ್ಯಾಕ್ಟರ್ ಓಡಾಡಿದ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಒಂದು ಗುಂಡಿಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಬಡಿಯಿತು.

"ಪೆಟ್ಟು ಹತ್ತಿತೇನ?"

"ಇಲ್ರೀ. ಚಲೋ ಐತಿ."

ಇನ್ನೊಂದು ಗುಂಡಿ ಬಂತು. ಈ ಸಲ ಹಿಂದಿನಿಂದ ಮಾತೇ ಬರಲಿಲ್ಲ. ಗುರುಸಂಗಪ್ಪ ಕನ್ನಡಿಯಲ್ಲಿ ನೋಡಿದ. ರೇಣುಕವ್ವ ಕಣ್ಣು ಮುಚ್ಚಿ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಹಣೆಯ ಬೆವರಿಗೆ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಬ್ರೇಕನ್ನು ಜೋರಾಗಿ ಒತ್ತಲೂ ಹೆದರಿ, ಕಾರನ್ನು ಮೆಲ್ಲಗೆ ನಿಲ್ಲಿಸಿದ.

"ಯಾಕ ಹೇಳಲಿಲ್ಲ? ಬಾಯಿ ಇರಲಿಲ್ಲೇನು ನಿನಗ?" ಎಂದು ಕೂಗಾಡಿದ.

"ಇಪ್ಪತ್ತೆರಡು, ಇಪ್ಪತ್ತೆರಡು ಅಂತ ನೀವು ಭಾಳ ಖುಷಿಯೊಳಗಿದ್ರಿ."

ಅದೇ ಕಾರಿನಲ್ಲಿ ಅದೇ ಗುಂಡಿಗಳ ಮೇಲೆ ಅವಳನ್ನು ವಾಪಸ್ ಕರೆದೊಯ್ಯುವ ಧೈರ್ಯ ಗುರುಸಂಗಪ್ಪನಿಗಿರಲಿಲ್ಲ. ಫೋನ್ ತೆಗೆದು, "ಸಾಬ್ರ, ಆ ದೊಡ್ಡ ಗಾಡಿ ತೊಗೊಂಡು ಲಗೂ ಬರ್ರಿ," ಎಂದ.

ಮುಕ್ಕಾಲು ತಾಸಿಗೆ ದೊಡ್ಡ ಗಾಡಿ ಬಂತು. ಅದೇ ಗುಂಡಿಗಳನ್ನು ಅದು ತೂಗಾಡುತ್ತ ನುಂಗಿಕೊಂಡು ಬರುವುದನ್ನು ಕಂಡು ಗುರುಸಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಅದರ ಮೆಟ್ಟಿಲು ರೇಣುಕವ್ವನ ಮೊಣಕಾಲಿನೆತ್ತರಕ್ಕಿತ್ತು. ಅವಳು ಕಾಲೆತ್ತಿ ನೋಡಿದಳು. ಇನ್ನೊಮ್ಮೆ ಎತ್ತಿದಳು. ಅರ್ಧಕ್ಕೆ ನೋವು ಹಿಡಿದು ಬಾಗಿಲಿಗೆ ಒರಗಿ ನಿಂತಳು.

ಗುರುಸಂಗಪ್ಪ ಬಿಳಿ ಧೋತರದಲ್ಲೇ ಮಣ್ಣಿಗೆ ಮೊಣಕಾಲೂರಿದ. "ತೊಡಿ ಮ್ಯಾಲ ಕಾಲಿಡು."

"ಶಿವಶಿವಾ! ಗಂಡನ ಮೈಗೆ ಕಾಲು ಹಚ್ಚಲೇನು? ಬ್ಯಾಡ್ರಿ. ನಾ ಸಣ್ಣದರಾಗ ಬರ್ತೀನಿ, ತಡಕೋತೀನಿ."

ರಮಜಾನಸಾಬ ಸಣ್ಣ ಕಾರಿನ ಆಚೆ ಹೋಗಿ, ಏನೂ ಆಗದ ಗಾಲಿಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿದ.

"ಇಷ್ಟು ವರ್ಷ ತಡಕೊಂಡಿದ್ದ ಸಾಕು," ಎಂದ ಗುರುಸಂಗಪ್ಪ. "ಕಾಲಿಡು, ರೇಣುಕಾ."

ಅವಳು ಅವನ ಹೆಗಲು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಕಾಲಿಟ್ಟು ಹತ್ತಿದಳು. ಧೋತರದ ಮೇಲೆ ಐದು ಬೆರಳಿನ ಮಣ್ಣು ಮೂಡಿತು. ಅವನು ಅದನ್ನು ಕೊಡವಲಿಲ್ಲ.

"ಸಣ್ಣದು ನರಗುಂದದವ್ರಿಗೆ ಕೊಟ್ಟುಬಿಡ್ರಿ," ಎಂದು ರಮಜಾನಸಾಬನಿಗೆ ಹೇಳಿ, ದೊಡ್ಡ ಗಾಡಿಯನ್ನು ತಾನೇ ಓಡಿಸಿದ. ಒಂದು ಫರ್ಲಾಂಗು ಹೋದ ಮೇಲೆ ಗುಂಡಿಯೊಂದರಲ್ಲಿ ಗಾಡಿ ಓಲಾಡಿತು. ಗುರುಸಂಗಪ್ಪ ಏನೂ ಕೇಳದೆ ಕನ್ನಡಿ ನೋಡಿದ.

"ರೀ, ಸಾವಕಾಶ ಹೊಡೀರಿ," ಎಂದಳು ರೇಣುಕವ್ವ. "ನೋಯಾಕತ್ತೈತಿ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಈ ಮಾತು ಕೇಳಿದ್ದು ಅದೇ ಮೊದಲು. ಕಣ್ಣು ಮಂಜಾದರೂ ದಾರಿಯಿಂದ ದೃಷ್ಟಿ ತೆಗೆಯದೆ ಅವನು ಗೇರ್ ಇಳಿಸಿದ.

"ಇಷ್ಟು ಸಾಕೇನು?"

"ಇನ್ನೂ ಸ್ವಲ್ಪ."

ಅವನು ಇನ್ನೂ ಸ್ವಲ್ಪ ನಿಧಾನ ಮಾಡಿದ.